ಎಂಟೇ ಎಂಟು ಸೋಲು: ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ 1976–77ರ ಋತು

1976ರ ಅಕ್ಟೋಬರ್ 30ರ ಶನಿವಾರ ಮಾಂಟ್ರಿಯಲ್ ನಗರದ ಫೋರಂ ಕ್ರೀಡಾಂಗಣದಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ ಆತಿಥೇಯ ಕೆನೇಡಿಯನ್ಸ್ ತಂಡವನ್ನು 4–3 ಗೋಲುಗಳಿಂದ ಸೋಲಿಸಿತು. ಋತು ಶುರುವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಗೋಲಿನ ಅಂತರದ ಸೋಲು ದೊಡ್ಡ ಸುದ್ದಿಯೇನೂ ಆಗಬೇಕಿರಲಿಲ್ಲ. ಆದರೆ ಲೀಗ್ ಹಂತದಲ್ಲಿ ತವರಿನ ಜನ ಆ ವರ್ಷ ಕಂಡ ಸೋಲು ಅದೊಂದೇ. ನವೆಂಬರ್ 1ರಿಂದ ಮರುವರ್ಷದ ಏಪ್ರಿಲ್ 2ರವರೆಗೆ ಫೋರಂನಲ್ಲಿ ನಡೆದ 34 ಲೀಗ್ ಪಂದ್ಯಗಳಲ್ಲಿ ಕೆನೇಡಿಯನ್ಸ್ 28 ಗೆದ್ದಿತು, 6 ಡ್ರಾ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ.

ಇಡೀ ಋತುವಿನ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಆಡಿದ ಪಂದ್ಯ 80. ಗೆಲುವು 60, ಡ್ರಾ 12, ಸೋಲು 8. ಗೆಲುವಿಗೆ ಎರಡು, ಡ್ರಾಗೆ ಒಂದರಂತೆ ಒಟ್ಟು 132 ಅಂಕ. ಹೊಡೆದ ಗೋಲು 387, ಬಿಟ್ಟುಕೊಟ್ಟದ್ದು 171. ಈ 216 ಗೋಲುಗಳ ಅಂತರವನ್ನು ನ್ಯಾಷನಲ್ ಹಾಕಿ ಲೀಗ್‌ನ ಚರಿತ್ರೆಯಲ್ಲಿ ಬೇರೆ ಯಾವ ತಂಡವೂ ಮುಟ್ಟಿಲ್ಲ. ಪಂದ್ಯಕ್ಕೆ ಸರಾಸರಿ ಐದರ ಹತ್ತಿರ ಗೋಲು ಹೊಡೆದು ಎರಡಕ್ಕಿಂತ ತುಸು ಹೆಚ್ಚು ಬಿಟ್ಟುಕೊಟ್ಟ ಈ ತಂಡ ಬಹುತೇಕ ರಾತ್ರಿಗಳಲ್ಲಿ ಎದುರಾಳಿಗೆ ಉಸಿರಾಡಲೂ ಪುರುಸೊತ್ತು ಕೊಡಲಿಲ್ಲ.

ಐಸ್ ಹಾಕಿ ಮೂಲತಃ ಅನಿಶ್ಚಿತತೆಯ ಆಟ. 200 ಅಡಿ ಉದ್ದ, 85 ಅಡಿ ಅಗಲದ ಹಿಮದ ಅಂಕಣ. ಪ್ರತಿ ಕಡೆ ಗೋಲ್‌ಕೀಪರ್ ಸೇರಿ ಆರು ಮಂದಿ. ಇಪ್ಪತ್ತು ನಿಮಿಷಗಳ ಮೂರು ಅವಧಿ. ಮೂರು ಇಂಚು ವ್ಯಾಸದ ಗಟ್ಟಿ ರಬ್ಬರಿನ ಪಕ್ ಯಾರದೋ ಸ್ಕೇಟಿಗೆ ತಗುಲಿ ದಿಕ್ಕು ಬದಲಿಸಿದರೆ ಸಾಕು, ಇಡೀ ರಾತ್ರಿಯ ದುಡಿಮೆ ವ್ಯರ್ಥ. ಇಂಥ ಆಟದಲ್ಲಿ ಆರು ತಿಂಗಳಿಗೆ ಎಂಟೇ ಸೋಲೆಂದರೆ ಅದಕ್ಕೆ ಅದೃಷ್ಟದ ವಿವರಣೆ ಸಾಲದು, ಒಬ್ಬ ತಾರೆಯ ವಿವರಣೆಯೂ ಸಾಲದು. 1976–77ರ ಋತು ಒಂದು ಸಂಸ್ಥೆ ಆರೇಳು ವರ್ಷ ತಾಳ್ಮೆಯಿಂದ ಮಾಡಿದ ಕೆಲಸದ ಫಸಲು. ಅದರ ಕಥೆಯನ್ನು ಹಿಮದ ಮೇಲಿನಿಂದಲ್ಲ, ಕಚೇರಿಯ ಮೇಜಿನಿಂದಲೇ ಹೇಳಲು ತೊಡಗಬೇಕು.

ಪೊಲಾಕ್ ಅವರ ಮೇಜು

ಕೆನೇಡಿಯನ್ಸ್ ಹುಟ್ಟಿದ್ದು 1909ರ ಡಿಸೆಂಬರ್ 4ರಂದು. ಲೀಗ್‌ಗಿಂತಲೂ ಹಳೆಯ ತಂಡ ಇದು. ಫ್ರೆಂಚ್ ಮಾತನಾಡುವ ಕ್ವಿಬೆಕ್ ಜನರ ಸ್ವಾಭಿಮಾನ ಇದರ ಕೆಂಪು ಅಂಗಿಯೊಂದಿಗೆ ಹೆಣೆದುಕೊಂಡಿತ್ತು. 1956ರಿಂದ 1960ರವರೆಗೆ ಸತತ ಐದು ಬಾರಿ ಲೀಗ್‌ನ ಅಂತಿಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಪರಂಪರೆ ಬೆನ್ನಿಗಿತ್ತು. 1964ರಲ್ಲಿ ಜನರಲ್ ಮ್ಯಾನೇಜರ್ ಹುದ್ದೆಗೆ ಬಂದ ಸ್ಯಾಮ್ ಪೊಲಾಕ್ ಅವರಿಗೆ ಒಂದು ವಿಷಯ ಇತರರಿಗಿಂತ ಮೊದಲೇ ಹೊಳೆದಿತ್ತು: ಕಾಲ ಬದಲಾಗುತ್ತಿದೆ, ಊರಿನ ಹುಡುಗರೆಲ್ಲ ತಾವಾಗಿಯೇ ಊರಿನ ತಂಡಕ್ಕೆ ಬರುವ ದಿನಗಳು ಮುಗಿದವು, ಇನ್ನು ಮುಂದೆ ಎಲ್ಲವೂ ಡ್ರಾಫ್ಟ್ ಎಂಬ ಹಂಚಿಕೆಯ ಮೂಲಕವೇ ನಡೆಯುತ್ತದೆ. ಹಿಂದಿನ ಋತುವಿನಲ್ಲಿ ಕೆಳಗೆ ಬಿದ್ದ ತಂಡಕ್ಕೆ ಹೊಸ ಹುಡುಗರ ಆಯ್ಕೆಯಲ್ಲಿ ಮೊದಲ ಸರದಿ. ಹಾಗಾದರೆ ಸದಾ ಮೇಲಿರುವ ತಂಡಕ್ಕೆ ಒಳ್ಳೆಯ ಹುಡುಗರು ಸಿಗುವುದು ಹೇಗೆ?

ಪೊಲಾಕ್ ಕಂಡುಕೊಂಡ ದಾರಿ ಸರಳ. 1967ರಲ್ಲಿ ಲೀಗ್ ಆರು ತಂಡಗಳಿಂದ ಹನ್ನೆರಡಕ್ಕೆ ಬೆಳೆದಾಗ ಹೊಸ ತಂಡಗಳಿಗೆ ಕೂಡಲೇ ಆಡಬಲ್ಲ ಆಟಗಾರರು ಬೇಕಾಗಿದ್ದರು. ಪೊಲಾಕ್ ಆ ತಂಡಗಳಿಗೆ ಅಂಥವರನ್ನು ಕೊಟ್ಟು, ಬದಲಿಗೆ ಅವುಗಳ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಯನ್ನು ಪಡೆದರು. ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1970ರ ಮೇ ತಿಂಗಳ ಒಪ್ಪಂದ. ಕ್ಯಾಲಿಫೋರ್ನಿಯಾ ಗೋಲ್ಡನ್ ಸೀಲ್ಸ್ ತಂಡಕ್ಕೆ ಅರ್ನಿ ಹಿಕಿ ಎಂಬ ಫಾರ್ವರ್ಡ್ ಆಟಗಾರನನ್ನೂ ತಮ್ಮ ಆ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟು, ಸೀಲ್ಸ್‌ನ 1971ರ ಮೊದಲ ಸುತ್ತಿನ ಸರದಿಯನ್ನು ಅವರು ತಮ್ಮದಾಗಿಸಿಕೊಂಡರು. ಕ್ವಿಬೆಕ್‌ನ ಥರ್ಸೋ ಎಂಬ ಪುಟ್ಟ ಊರಿನ ಗೀ ಲಾಫ್ಲರ್ ಎಂಬ ಹುಡುಗ 1971ರ ಡ್ರಾಫ್ಟ್‌ಗೆ ಬರುವವನಿದ್ದ.

ಮುಂದಿನ ಋತುವಿನ ನಡುವೆ ಸೀಲ್ಸ್‌ಗಿಂತ ಲಾಸ್ ಏಂಜಲೀಸ್ ಕಿಂಗ್ಸ್ ಕೆಳಗೆ ಜಾರುವ ಸೂಚನೆ ಕಂಡಿತು. ಹಾಗಾಗಿದ್ದರೆ ಮೊದಲ ಸರದಿ ಕಿಂಗ್ಸ್ ಪಾಲು. 1971ರ ಜನವರಿಯಲ್ಲಿ ಪೊಲಾಕ್ ತಮ್ಮ ಅನುಭವಿ ಸೆಂಟರ್ ರಾಲ್ಫ್ ಬ್ಯಾಕ್‌ಸ್ಟ್ರಾಮ್ ಅವರನ್ನು ಕಿಂಗ್ಸ್‌ಗೆ ಕಳುಹಿಸಿದರು. ಕಿಂಗ್ಸ್ ಚೇತರಿಸಿಕೊಂಡಿತು, ಸೀಲ್ಸ್ ಲೀಗ್‌ನ ತಳ ಸೇರಿತು. ಇದು ಲೆಕ್ಕ ಹಾಕಿಯೇ ಮಾಡಿದ ನಡೆ ಎಂದು ಹಾಕಿ ಬಲ್ಲವರು ಇಂದಿಗೂ ಹೇಳುತ್ತಾರೆ. ಆ ವರ್ಷ ಕೆನೇಡಿಯನ್ಸ್ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು, ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಲಾಫ್ಲರ್‌ನನ್ನೂ ಪಡೆಯಿತು. ಅದೇ ಡ್ರಾಫ್ಟ್‌ನಲ್ಲಿ 20ನೆಯವನಾಗಿ ಸಿಕ್ಕವನು ಲ್ಯಾರಿ ರಾಬಿನ್ಸನ್ ಎಂಬ ಎತ್ತರದ ರಕ್ಷಣಾ ಆಟಗಾರ.

ಆಮೇಲಿನ ವರ್ಷಗಳದ್ದೂ ಅದೇ ಬಗೆ. 1972ರಲ್ಲಿ ನಾಲ್ಕನೆಯವನಾಗಿ ಸ್ಟೀವ್ ಶಟ್, ಆರನೆಯವನಾಗಿ ಗೋಲ್‌ಕೀಪರ್ ಮಿಷೆಲ್ ಲರಾಕ್. 1973ರಲ್ಲಿ ಎಂಟನೆಯವನಾಗಿ ಬಾಬ್ ಗೇನಿ. 1974ರಲ್ಲಿ ಏಳನೆಯವನಾಗಿ ಡಗ್ ರೈಸ್‌ಬ್ರೋ, ಹನ್ನೆರಡನೆಯವನಾಗಿ ಮಾರಿಯೊ ಟ್ರಾಂಬ್ಲೆ. ಬಾಸ್ಟನ್ 1964ರಲ್ಲಿ ಆಯ್ದು ಕೈಬಿಟ್ಟಿದ್ದ ಕೆನ್ ಡ್ರೈಡನ್, ಟೊರಾಂಟೊ 1975ರಲ್ಲಿ ಆಯ್ದು ಬಿಟ್ಟುಕೊಟ್ಟ ಡಗ್ ಜಾರ್ವಿಸ್ ಇಬ್ಬರೂ ಮಾಂಟ್ರಿಯಲ್‌ಗೇ ಬಂದರು.

ಹುಡುಗರನ್ನು ಆಯ್ದ ಕೂಡಲೇ ಅವರನ್ನು ಹಿಮಕ್ಕಿಳಿಸುವ ಅವಸರವೂ ಪೊಲಾಕ್ ಅವರಿಗಿರಲಿಲ್ಲ. ಹ್ಯಾಲಿಫ್ಯಾಕ್ಸ್‌ನಲ್ಲಿ ನೋವಾ ಸ್ಕೋಷಿಯಾ ವಾಯಜರ್ಸ್ ಎಂಬ ಕಿರಿಯ ತಂಡವಿತ್ತು. 1971ರಲ್ಲಿ ಕೆನೇಡಿಯನ್ಸ್‌ಗೆ ಕಪ್ ಗೆದ್ದುಕೊಟ್ಟ ಆಲ್ ಮೆಕ್‌ನೀಲ್ ಅಲ್ಲಿನ ತರಬೇತುದಾರರು. ರಾಬಿನ್ಸನ್ ಪಳಗಿದ್ದು ಅಲ್ಲಿಯೇ. ಆ ತಂಡ 1976 ಮತ್ತು 1977ರಲ್ಲಿ ತನ್ನ ಮಟ್ಟದ ಕಾಲ್ಡರ್ ಕಪ್ ಗೆದ್ದಿತು. ಅಂದರೆ ಕೆನೇಡಿಯನ್ಸ್ ಅಂಗಿ ತೊಟ್ಟು ಆಡುವ ಪ್ರತಿಯೊಬ್ಬನಿಗೂ ತನ್ನ ಜಾಗಕ್ಕೆ ಹ್ಯಾಲಿಫ್ಯಾಕ್ಸ್‌ನಲ್ಲಿ ಇನ್ನೊಬ್ಬ ಸಿದ್ಧನಿದ್ದಾನೆಂಬುದು ಚೆನ್ನಾಗಿ ಗೊತ್ತಿತ್ತು.

ಬೋಮನ್ ಅವರ ಬೆಂಚು

ತರಬೇತುದಾರ ಸ್ಕಾಟಿ ಬೋಮನ್ ಮಾಂಟ್ರಿಯಲ್ ಪಕ್ಕದ ವರ್ಡನ್‌ನಲ್ಲಿ 1933ರಲ್ಲಿ ಹುಟ್ಟಿದವರು. ಕಿರಿಯರ ಹಾಕಿಯಲ್ಲಿ ತಲೆಗೆ ಬಿದ್ದ ಪೆಟ್ಟು ಅವರ ಆಟದ ಬದುಕನ್ನು ಮೊಟಕುಗೊಳಿಸಿತು. ಪೊಲಾಕ್ ಅವರ ಕೈಕೆಳಗೇ ಕೆಲಸ ಕಲಿತು, ಸೇಂಟ್ ಲೂಯಿಸ್ ಬ್ಲೂಸ್ ಎಂಬ ಹೊಸ ತಂಡವನ್ನು ಮೊದಲ ಮೂರೂ ವರ್ಷ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಕೊಂಡೊಯ್ದು, 1971ರಲ್ಲಿ ತವರಿಗೆ ಮರಳಿದರು.

ಬೋಮನ್ ಆಟಗಾರರಿಗೆ ಆಪ್ತರಾಗಲು ಹೋದವರಲ್ಲ. ನಿನ್ನೆ ಎರಡು ಗೋಲು ಹೊಡೆದವನು ಇವತ್ತು ಬೆಂಚಿನ ಮೇಲೆ ಕೂರಬೇಕಾದೀತು. ಹಿಮದ ಮೇಲೆ ಎದುರಾಳಿ ಯಾವ ಮೂವರನ್ನು ಇಳಿಸುತ್ತಾನೋ ಅವರಿಗೆ ಸರಿಯಾದ ಮೂವರನ್ನು ಆ ಕ್ಷಣವೇ ಇಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಗೇನಿ, ಜಾರ್ವಿಸ್, ಜಿಮ್ ರಾಬರ್ಟ್ಸ್ ಎಂಬ ಮೂವರು ಅವರ ಬೀಗ. ಎದುರಾಳಿಯ ಅತ್ಯುತ್ತಮ ಸಾಲನ್ನು ಕಟ್ಟಿಹಾಕುವುದಷ್ಟೇ ಇವರ ಕೆಲಸ. ಗೋಲಿನ ಪಟ್ಟಿಯಲ್ಲಿ ಇವರ ಹೆಸರು ಹುಡುಕಬೇಕು. ಬಿಟ್ಟುಕೊಟ್ಟ ಗೋಲು 171ಕ್ಕೇ ನಿಂತದ್ದರಲ್ಲಿ ಇವರ ಪಾಲು ದೊಡ್ಡದು. ಗೇನಿಯಂಥ ಆಟಗಾರರಿಗೆ ಯಾವ ಪ್ರಶಸ್ತಿಯೂ ಇಲ್ಲವೆಂಬ ಕೊರತೆಯನ್ನು ಲೀಗ್ ಮರುವರ್ಷವೇ ತುಂಬಿತು. ರಕ್ಷಣೆಯಲ್ಲಿ ಮೇಲಾದ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಟ್ರೋಫಿ 1978ರಲ್ಲಿ ಶುರುವಾದಾಗ ಮೊದಲ ನಾಲ್ಕೂ ವರ್ಷ ಅದು ಗೇನಿಯದೇ ಆಯಿತು.

ಅಭ್ಯಾಸದ ವೇಳೆಯಲ್ಲಿ ಬೋಮನ್ ಜೊತೆಗೆ ಕ್ಲೋಡ್ ರುಯೆಲ್ ಇರುತ್ತಿದ್ದರು. 1969ರಲ್ಲಿ ತಾವೇ ಮುಖ್ಯ ತರಬೇತುದಾರರಾಗಿ ಕಪ್ ಗೆದ್ದವರು, ಆಮೇಲೆ ಆ ಪದವಿ ಬಿಟ್ಟು ಎಳೆಯರನ್ನು ತಿದ್ದುವ ಕೆಲಸವನ್ನು ಇಷ್ಟಪಟ್ಟು ಆರಿಸಿಕೊಂಡವರು. ಎಲ್ಲರೂ ಹೊರಟ ಮೇಲೂ ಹುಡುಗರನ್ನು ಹಿಮದ ಮೇಲೆ ಉಳಿಸಿಕೊಂಡು ಪಾಸು ಕೊಟ್ಟೂ ಕೊಟ್ಟೂ ಹೊಡೆಸುತ್ತಿದ್ದ ಈ ಮನುಷ್ಯನ ಹೆಸರು ವೈಯಕ್ತಿಕ ಟ್ರೋಫಿಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಸಂಸ್ಥೆಯ ಚರಿತ್ರೆಯಲ್ಲಿ ಮಾತ್ರ ಅದನ್ನು ಬಿಡುವಂತಿಲ್ಲ.

ಒಂದು ಕಾಲದ ತಿರುವು

ಈ ಋತುವಿನ ಮಹತ್ವ ಅರಿಯಲು ಅದರ ಹಿಂದಿನ ಎರಡು ಮೂರು ವರ್ಷಗಳತ್ತ ನೋಡಬೇಕು. 1974 ಮತ್ತು 1975ರಲ್ಲಿ ಕಪ್ ಗೆದ್ದದ್ದು ಫಿಲಡೆಲ್ಫಿಯಾ ಫ್ಲೈಯರ್ಸ್. ಪ್ರತಿಭೆ ಆ ತಂಡದಲ್ಲೂ ಇತ್ತು, ಆದರೆ ಹೆಸರಾದದ್ದು ಅದರ ಮುಷ್ಟಿ. ಡೇವ್ ಶುಲ್ಟ್ಸ್ ಎಂಬ ಆಟಗಾರ 1974–75ರ ಒಂದೇ ಋತುವಿನಲ್ಲಿ 472 ನಿಮಿಷ ದಂಡನೆಗೆ ಒಳಗಾದರು. ಆ ದಾಖಲೆ ಇನ್ನೂ ಮುರಿದಿಲ್ಲ. ಎದುರಾಳಿಯನ್ನು ಹೆದರಿಸಿ ಗೆಲ್ಲಬಹುದೆಂಬ ನಂಬಿಕೆ ಲೀಗ್‌ನಲ್ಲೆಲ್ಲ ಹಬ್ಬುತ್ತಿತ್ತು.

ಅದಕ್ಕೆ ಉತ್ತರ ಬಂದದ್ದು ಮಾಂಟ್ರಿಯಲ್‌ನಿಂದ. 1975ರ ಡಿಸೆಂಬರ್ 31ರ ರಾತ್ರಿ ಫೋರಂನಲ್ಲಿ ಕೆನೇಡಿಯನ್ಸ್ ಸೋವಿಯತ್ ಒಕ್ಕೂಟದ ಸೇನಾ ತಂಡದೊಡನೆ 3–3ರ ಡ್ರಾ ಆಡಿತು. ಗೋಲಿನತ್ತ ಕೆನೇಡಿಯನ್ಸ್ ಹೊಡೆತ 38, ಸೋವಿಯತ್ ತಂಡದ್ದು 13. ವೇಗ, ಪಾಸು, ಜಾಣ್ಮೆಯ ಹಾಕಿ ಏನೆಂಬುದನ್ನು ಎರಡೂ ಕಡೆಯವರು ಅಂದು ತೋರಿದರು. ಐದು ತಿಂಗಳ ಬಳಿಕ, 1976ರ ಮೇನಲ್ಲಿ, ಕೆನೇಡಿಯನ್ಸ್ ಫೈನಲ್‌ನಲ್ಲಿ ಫ್ಲೈಯರ್ಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಆ ಋತುವಿನಲ್ಲಿ ಅದು ಗಳಿಸಿದ್ದು 127 ಅಂಕ, ಸೋತದ್ದು ಹನ್ನೊಂದು. ಇದಕ್ಕಿಂತ ಮೇಲೆ ಇನ್ನೇನಿದ್ದೀತು ಎಂದುಕೊಂಡವರೇ ಹೆಚ್ಚು.

ಆ ಬೇಸಿಗೆಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ನಡೆಸಿತು. ಸೆಪ್ಟೆಂಬರ್‌ನಲ್ಲಿ ಮೊದಲ ಕೆನಡಾ ಕಪ್. ಅದನ್ನು ಗೆದ್ದ ಕೆನಡಾ ತಂಡಕ್ಕೆ ಬೋಮನ್ ತರಬೇತುದಾರರು. ಲಾಫ್ಲರ್, ಶಟ್, ಗೇನಿ, ರಾಬಿನ್ಸನ್, ಸರ್ಜ್ ಸವಾರ್, ಗೀ ಲಪ್ವಾಂಟ್, ಪೀಟ್ ಮಹೋವ್ಲಿಚ್ ಎಂಬ ಏಳು ಮಂದಿ ಕೆನೇಡಿಯನ್ಸ್‌ನವರೇ. ಬಾಸ್ಟನ್‌ನ ತರಬೇತುದಾರ ಡಾನ್ ಚೆರ್ರಿ ಆ ತಂಡದಲ್ಲಿ ಬೋಮನ್ ಅವರ ಸಹಾಯಕರಲ್ಲೊಬ್ಬರು. ದೇಶದ ಅತ್ಯುತ್ತಮರೊಡನೆ ಬೆವರಿಳಿಸಿ ಬಂದ ಈ ಏಳು ಮಂದಿ ಅಕ್ಟೋಬರ್‌ನಲ್ಲಿ ಲೀಗ್ ಶುರುವಾಗುವ ಹೊತ್ತಿಗೆ ಪೂರ್ಣ ಹದದಲ್ಲಿದ್ದರು. ಗೀ ಲಾಫ್ಲರ್‌ನನ್ನು ಕೈತಪ್ಪಿಸಿಕೊಂಡ ಸೀಲ್ಸ್ ತಂಡ ಅದೇ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ತೊರೆದು ಕ್ಲೀವ್‌ಲ್ಯಾಂಡ್‌ಗೆ ಗುಳೆ ಹೋಗಿತ್ತು.

ಹಿಮದ ಮೇಲೆ

ಲಾಫ್ಲರ್ ಮೊದಲ ಮೂರು ವರ್ಷ ಜನರ ನಿರೀಕ್ಷೆ ಮುಟ್ಟಿರಲಿಲ್ಲ. 29, 28, 21 ಎಂದು ಗೋಲುಗಳು ಇಳಿಯುತ್ತಲೇ ಹೋಗಿದ್ದವು. ಕಿರಿಯರ ಕೊನೆಯ ಋತುವಿನಲ್ಲಿ ಕ್ವಿಬೆಕ್ ರೆಂಪಾರ್ ಪರವಾಗಿ 130 ಗೋಲು ಹೊಡೆದಿದ್ದ ಹುಡುಗ ಇವನೇನಾ ಎಂದು ಪತ್ರಿಕೆಗಳು ಕೇಳಿದವು. ಸಂಸ್ಥೆ ಮಾತ್ರ ಕಾದಿತು. 1974–75ರಲ್ಲಿ ಲಾಫ್ಲರ್ ಹೆಲ್ಮೆಟ್ ತೆಗೆದಿಟ್ಟು ಆಡತೊಡಗಿದರು. ಆ ವರ್ಷ 53 ಗೋಲು ಬಂದವು. 1976–77ರಲ್ಲಿ 56 ಗೋಲು, 80 ಅಸಿಸ್ಟ್, ಒಟ್ಟು 136 ಪಾಯಿಂಟ್. ಸತತ 28 ಪಂದ್ಯಗಳಲ್ಲಿ ಒಂದಾದರೂ ಪಾಯಿಂಟ್ ಗಳಿಸಿದರು. ಬಲಗಡೆಯ ಅಂಚಿನಲ್ಲಿ ಹೊಂಬಣ್ಣದ ಕೂದಲು ಹಿಂದಕ್ಕೆ ಹಾರುತ್ತ 10ನೇ ನಂಬರಿನ ಅಂಗಿ ಮುನ್ನುಗ್ಗಿದಾಗ ಫೋರಂನ ಜನ ‘ಗೀ, ಗೀ, ಗೀ’ ಎಂದು ಎದ್ದು ನಿಲ್ಲುತ್ತಿದ್ದರು.

ಎಡಗಡೆಯಲ್ಲಿ ಸ್ಟೀವ್ ಶಟ್. ಆ ಋತುವಿನಲ್ಲಿ ಅವರು ಹೊಡೆದ 60 ಗೋಲು ಎಡ ವಿಂಗ್ ಆಟಗಾರನೊಬ್ಬನ ದಾಖಲೆಯಾಗಿ ಹದಿನಾರು ವರ್ಷ ನಿಂತಿತು. ನಡುವೆ ಜಾಕ್ ಲೆಮೇರ್: ಮಾತು ಕಡಿಮೆ, ಹೊಡೆತ ಬಿರುಸು, ಜಾಗ ಅರಿತು ನಿಲ್ಲುವ ಬುದ್ಧಿ. ಈ ಮೂವರ ಬೆನ್ನಿಗೆ ರೈಸ್‌ಬ್ರೋ, ಟ್ರಾಂಬ್ಲೆ, ಇವೊನ್ ಲಾಂಬೆರ್ ಎಂಬ ಬಿಸಿರಕ್ತದ ಸಾಲು. ಇವರು ಹಿಮಕ್ಕಿಳಿದರೆ ಮೂಲೆಮೂಲೆಯಲ್ಲೂ ಪಕ್‌ಗಾಗಿ ತಳ್ಳಾಟ.

ರಕ್ಷಣೆಯಲ್ಲಿ ರಾಬಿನ್ಸನ್, ಸವಾರ್, ಲಪ್ವಾಂಟ್ ಎಂಬ ‘ಬಿಗ್ ತ್ರೀ’. ಮೂವರೂ ದೈತ್ಯರು, ಮೂವರೂ ಪಕ್ ಹಿಡಿದು ಮುಂದೆ ನುಗ್ಗಬಲ್ಲವರು. ಸವಾರ್ ಎದುರಾಳಿಯ ಮುಂದೆ ಗಿರ್ರನೆ ಒಂದು ಸುತ್ತು ತಿರುಗಿ ಪಾರಾಗುವ ಪರಿಗೆ ವೀಕ್ಷಕ ವಿವರಣೆಗಾರ ಡ್ಯಾನಿ ಗ್ಯಾಲಿವನ್ ಕೊಟ್ಟ ‘ಸವಾರ್ಡಿಯನ್ ಸ್ಪಿನರಾಮಾ’ ಎಂಬ ಹೆಸರು ಹಾಕಿಯ ನುಡಿಗಟ್ಟಾಗಿಯೇ ಉಳಿದಿದೆ. ರಾಬಿನ್ಸನ್ ಹಿಮದ ಮೇಲಿದ್ದಾಗ ತಂಡ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ ಆ ವರ್ಷ +120. ಇದಕ್ಕಿಂತ ಹೆಚ್ಚಿನದು ಚರಿತ್ರೆಯಲ್ಲಿ ಒಂದೇ ಇದೆ: 1970–71ರಲ್ಲಿ ಬಾಬಿ ಆರ್ ಅವರ +124.

ಗೋಲಿನ ಮುಂದೆ ಆರಡಿ ನಾಲ್ಕಿಂಚು ಎತ್ತರದ ಕೆನ್ ಡ್ರೈಡನ್. ಕಾರ್ನೆಲ್ ವಿಶ್ವವಿದ್ಯಾಲಯದ ಪದವೀಧರ, ಮೆಕ್‌ಗಿಲ್‌ನಲ್ಲಿ ಕಾನೂನು ಓದಿದವರು. 1973–74ರಲ್ಲಿ ಸಂಬಳದ ವಿಷಯದಲ್ಲಿ ಸಂಸ್ಥೆಯೊಡನೆ ಒಮ್ಮತವಾಗದೆ ಇಡೀ ಋತು ಆಟ ಬಿಟ್ಟು ಟೊರಾಂಟೊದ ಕಾನೂನು ಕಚೇರಿಯೊಂದರಲ್ಲಿ ಕೆಲಸ ಮಾಡಿ ಬಂದವರು. ಬಲಾಢ್ಯ ತಂಡದ ಗೋಲ್‌ಕೀಪರ್‌ನ ಕಷ್ಟ ಬೇರೆಯದು. ಹತ್ತು ನಿಮಿಷ ಪಕ್ ತನ್ನತ್ತ ಬರುವುದೇ ಇಲ್ಲ, ಬಂದಾಗ ತಪ್ಪುವಂತಿಲ್ಲ. ಆ ಬಿಡುವಿನಲ್ಲಿ ಕೋಲನ್ನು ನೇರ ನಿಲ್ಲಿಸಿ, ಅದರ ತುದಿಗೆ ಕೈಯೂರಿ, ಗದ್ದವನ್ನು ಕೈಗಳ ಮೇಲಿಟ್ಟು ಡ್ರೈಡನ್ ನಿಲ್ಲುತ್ತಿದ್ದ ಭಂಗಿ ಆ ಕಾಲದ ಹಾಕಿಯ ಗುರುತಾಯಿತು. ಅವರ ಲೆಕ್ಕದಲ್ಲಿ 41 ಗೆಲುವು, 6 ಸೋಲು, 8 ಡ್ರಾ, ಎದುರಾಳಿಗೆ ಗೋಲೇ ಸಿಗದ ಪಂದ್ಯ ಹತ್ತು. ಉಳಿದ ದಿನಗಳಲ್ಲಿ ಆಡಿದ ಲರಾಕ್ 19 ಗೆದ್ದು, ಎರಡನ್ನೇ ಸೋತರು. ಎರಡನೆಯ ಗೋಲ್‌ಕೀಪರ್ ಕೂಡ ಇಷ್ಟು ಗಟ್ಟಿಯಾಗಿದ್ದದ್ದು ಹ್ಯಾಲಿಫ್ಯಾಕ್ಸ್‌ನ ಆ ಗರಡಿಯ ಬೆಲೆ ಏನೆಂಬುದನ್ನು ಹೇಳುತ್ತದೆ.

ನಾಯಕ ಇವಾನ್ ಕೂರ್ನ್ವಾಯೆ ಬೆನ್ನುನೋವಿನಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಲೀಗ್ ಹಂತದ ನಂತರದ ಪ್ಲೇಆಫ್ ಪಂದ್ಯಗಳಿಗೆ ಲಭ್ಯರಾಗಲಿಲ್ಲ. ತಂಡ ಅಲುಗಾಡಲಿಲ್ಲ, ಸವಾರ್ ಆ ಹೊಣೆ ಹೊತ್ತರು. ಹೊರಗೆ ಊರೂ ಕುದಿಯುತ್ತಿತ್ತು. ನವೆಂಬರ್ 15ರ ಚುನಾವಣೆಯಲ್ಲಿ ರೆನೆ ಲೆವೆಕ್ ಅವರ ಪಾರ್ಟಿ ಕ್ವಿಬೆಕ್ವಾ ಗೆದ್ದು, ಕ್ವಿಬೆಕ್ ಕೆನಡಾದಿಂದ ಬೇರೆಯಾಗಬೇಕೆಂಬ ಪಕ್ಷ ಮೊದಲ ಬಾರಿಗೆ ಅಧಿಕಾರಕ್ಕೆ ಬಂದಿತ್ತು. ಮನೆಮನೆಯಲ್ಲೂ ಭಾಷೆ, ರಾಜ್ಯಗಳ ವಾಗ್ವಾದ. ಫ್ರೆಂಚ್ ಮತ್ತು ಇಂಗ್ಲಿಷ್ ಮಾತನಾಡುವವರು ಒಂದೇ ಕೋಣೆಯಲ್ಲಿ ಅಂಗಿ ಬದಲಿಸುತ್ತಿದ್ದ ಈ ತಂಡದಲ್ಲಿ ಆ ಬಿರುಕು ಆಟಕ್ಕೆ ಇಳಿಯಲಿಲ್ಲ. ಚುನಾವಣೆ ನಡೆದ ಆ ತಿಂಗಳಿನಿಂದ ಏಪ್ರಿಲ್‌ವರೆಗೆ ಫೋರಂನಲ್ಲಿ ತಂಡ ಒಂದನ್ನೂ ಸೋಲದೆ ಆಡಿದ್ದೇ ಅದಕ್ಕೆ ಸಾಕ್ಷಿ.

ಲೀಗ್ ಮುಗಿದಾಗ ತನ್ನ ವಿಭಾಗದಲ್ಲಿ ಎರಡನೆಯದಾದ ಲಾಸ್ ಏಂಜಲೀಸ್‌ಗಿಂತ ಕೆನೇಡಿಯನ್ಸ್ 49 ಅಂಕ ಮುಂದಿತ್ತು. ಇಡೀ ಲೀಗ್‌ನಲ್ಲಿ ಎರಡನೆಯದಾದ ಫಿಲಡೆಲ್ಫಿಯಾಗಿಂತ 20 ಅಂಕ.

ಕಪ್

ಪ್ಲೇಆಫ್‌ನಲ್ಲಿ ಮೊದಲು ಎದುರಾದದ್ದು ಬೋಮನ್ ಅವರ ಹಳೆಯ ತಂಡ ಸೇಂಟ್ ಲೂಯಿಸ್. ನಾಲ್ಕೂ ಪಂದ್ಯ ಕೆನೇಡಿಯನ್ಸ್ ಪಾಲಾದವು.

ಸೆಮಿಫೈನಲ್ ಸುಲಭವಾಗಲಿಲ್ಲ. ನ್ಯೂಯಾರ್ಕ್ ಐಲ್ಯಾಂಡರ್ಸ್ ಹುಟ್ಟಿ ಐದೇ ವರ್ಷವಾಗಿತ್ತು. ಡೆನಿಸ್ ಪೊಟ್ವಿನ್, ಬ್ರಯಾನ್ ಟ್ರಾಟಿಯೆ ಅವರಂಥ ಎಳೆಯರನ್ನು ತರಬೇತುದಾರ ಆಲ್ ಆರ್ಬರ್ ಹದಗೊಳಿಸುತ್ತಿದ್ದರು. ಆರು ಪಂದ್ಯಗಳಲ್ಲಿ ಎರಡನ್ನು ಅವರು ಗೆದ್ದುಕೊಂಡರು. ಆ ವಸಂತದಲ್ಲಿ ಕೆನೇಡಿಯನ್ಸ್ ಸೋತದ್ದು ಆ ಎರಡೇ. ಮೂರು ವರ್ಷದ ಬಳಿಕ ಅದೇ ಐಲ್ಯಾಂಡರ್ಸ್ ಸತತ ನಾಲ್ಕು ಕಪ್‌ಗಳ ಸರಣಿ ಆರಂಭಿಸಿತು.

ಫೈನಲ್‌ನಲ್ಲಿ ಬಾಸ್ಟನ್. ಚೆರ್ರಿ ಅವರ ಪಡೆ ಸೆಮಿಫೈನಲ್‌ನಲ್ಲಿ ಫಿಲಡೆಲ್ಫಿಯಾವನ್ನು ನಾಲ್ಕು ನೇರ ಪಂದ್ಯಗಳಲ್ಲಿ ಹೊರದೂಡಿ ಬಂದಿತ್ತು. ಮೊದಲ ಮೂರೂ ಪಂದ್ಯ ಕೆನೇಡಿಯನ್ಸ್ ಪಾಲು: ಫೋರಂನಲ್ಲಿ 7–3, 3–0. ಬಾಸ್ಟನ್ ಗಾರ್ಡನ್‌ನಲ್ಲಿ 4–2. ಮೇ 14ರ ನಾಲ್ಕನೆಯ ಪಂದ್ಯದಲ್ಲಿ ಬಾಸ್ಟನ್ ಪಟ್ಟು ಸಡಿಲಿಸಲಿಲ್ಲ. ಪೂರ್ಣಾವಧಿಗೆ 1–1. ಓವರ್‌ಟೈಮ್‌ನ 4 ನಿಮಿಷ 32 ಸೆಕೆಂಡಿಗೆ ಲಾಫ್ಲರ್ ಗೋಲಿನ ಮುಂದಕ್ಕೆ ದಾಟಿಸಿದ ಪಕ್ಕನ್ನು ಲೆಮೇರ್ ಬಾಸ್ಟನ್ ಗೋಲ್‌ಕೀಪರ್ ಗೆರ್ರಿ ಚೀವರ್ಸ್ ಅವರನ್ನು ವಂಚಿಸಿ ಬಲೆಗೆ ಸೇರಿಸಿದರು. ತಂಡದ ಎರಡೂ ಗೋಲು ಅವರವೇ. ಸಂಸ್ಥೆಗೆ ಅದು ಇಪ್ಪತ್ತನೆಯ ಸ್ಟ್ಯಾನ್ಲಿ ಕಪ್.

ಪ್ರಶಸ್ತಿಗಳು ಒಂದೊಂದಾಗಿ ಮಾಂಟ್ರಿಯಲ್‌ಗೆ ಬಂದವು. ಅತಿ ಹೆಚ್ಚು ಪಾಯಿಂಟಿನ ಆರ್ಟ್ ರಾಸ್, ಋತುವಿನ ಶ್ರೇಷ್ಠನಿಗೆ ಹಾರ್ಟ್, ಪ್ಲೇಆಫ್‌ನ ಶ್ರೇಷ್ಠನಿಗೆ ಕಾನ್ ಸ್ಮೈತ್ ಟ್ರೋಫಿ, ಮೂರೂ ಲಾಫ್ಲರ್‌ಗೆ. ರಕ್ಷಣಾ ಆಟಗಾರರ ನಾರಿಸ್ ರಾಬಿನ್ಸನ್‌ಗೆ. ಗೋಲ್‌ಕೀಪರ್‌ಗಳ ವೆಜಿನಾ ಡ್ರೈಡನ್ ಮತ್ತು ಲರಾಕ್ ಇಬ್ಬರಿಗೂ. ತರಬೇತುದಾರರ ಜ್ಯಾಕ್ ಆಡಮ್ಸ್ ಬೋಮನ್‌ಗೆ. ಲೀಗ್‌ನ ಮೊದಲ ಆಲ್‌ಸ್ಟಾರ್ ತಂಡದ ಆರು ಜಾಗಗಳಲ್ಲಿ ನಾಲ್ಕು ಕೆನೇಡಿಯನ್ಸ್‌ನವರದು.

ದಾಖಲೆಯ ಆಯುಷ್ಯ

132 ಅಂಕದ ದಾಖಲೆ 46 ವರ್ಷ ಬಾಳಿತು. 1995–96ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ 62 ಪಂದ್ಯ ಗೆದ್ದು 131 ಅಂಕಕ್ಕೆ ಬಂದು ನಿಂತಿತು. ಆ ತಂಡದ ತರಬೇತುದಾರರೂ ಬೋಮನ್ ಅವರೇ. ಕೊನೆಗೆ 2022–23ರಲ್ಲಿ ಬಾಸ್ಟನ್ ಬ್ರೂಯಿನ್ಸ್ 82 ಪಂದ್ಯಗಳಲ್ಲಿ 65 ಗೆದ್ದು 135 ಅಂಕ ಗಳಿಸಿತು. ಆ ಹೊತ್ತಿಗೆ ನಿಯಮಗಳು ಬದಲಾಗಿದ್ದವು: ಡ್ರಾ ಎಂಬುದೇ ಇಲ್ಲ, ಓವರ್‌ಟೈಮ್ ಮತ್ತು ಶೂಟೌಟ್‌ನಲ್ಲಿ ಪ್ರತಿ ಪಂದ್ಯವೂ ತೀರ್ಮಾನವಾಗುತ್ತಿತ್ತು. ಆ ಬ್ರೂಯಿನ್ಸ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಫ್ಲಾರಿಡಾ ಪ್ಯಾಂಥರ್ಸ್‌ಗೆ ಸೋತು ಹೊರಬಿತ್ತು. 70ಕ್ಕೂ ಹೆಚ್ಚು ಪಂದ್ಯಗಳ ಋತುವಿನಲ್ಲಿ ಎಂಟೇ ಸೋಲು ಎಂಬ ಲೆಕ್ಕವನ್ನು ಇನ್ನೂ ಯಾರೂ ಇಳಿಸಿಲ್ಲ.

ಕೆನೇಡಿಯನ್ಸ್ 1978ರಲ್ಲೂ 1979ರಲ್ಲೂ ಕಪ್ ಗೆದ್ದು ಸತತ ನಾಲ್ಕನ್ನು ಪೂರೈಸಿತು. ಆಮೇಲೆ ಗುಂಪು ಚದುರಿತು. ಪೊಲಾಕ್ 1978ರಲ್ಲಿ ಹುದ್ದೆ ಬಿಟ್ಟಿದ್ದರು. 1979ರಲ್ಲಿ ಬೋಮನ್ ಬಫಲೋಗೆ ಹೋದರು, ಡ್ರೈಡನ್ ಮತ್ತು ಲೆಮೇರ್ ನಿವೃತ್ತರಾದರು. ಡ್ರೈಡನ್ ತಮ್ಮ ಕೊನೆಯ ಋತುವನ್ನು ಆಧರಿಸಿ 1983ರಲ್ಲಿ ಪ್ರಕಟಿಸಿದ ‘ದಿ ಗೇಮ್’ ಹಾಕಿಯ ಬಗ್ಗೆ ಬಂದ ಅತ್ಯುತ್ತಮ ಪುಸ್ತಕಗಳಲ್ಲೊಂದೆಂದು ಹೆಸರಾಗಿದೆ. ಅವರು ಮುಂದೆ ಕೆನಡಾದ ಸಂಸತ್ತಿಗೆ ಆಯ್ಕೆಯಾಗಿ ಸಚಿವರೂ ಆದರು. ಲಾಫ್ಲರ್ 2022ರ ಏಪ್ರಿಲ್‌ನಲ್ಲಿ, ಡ್ರೈಡನ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1976–77ರ ತಂಡದ ಒಂಬತ್ತು ಆಟಗಾರರು, ಜೊತೆಗೆ ಪೊಲಾಕ್ ಮತ್ತು ಬೋಮನ್ ಹಾಕಿ ಹಾಲ್ ಆಫ್ ಫೇಮ್ ಸೇರಿದ್ದಾರೆ.

ಆ ಬೆಂಚಿನಲ್ಲಿ ಕಲಿತದ್ದು ಮಾಂಟ್ರಿಯಲ್‌ಗಷ್ಟೇ ಉಳಿಯಲಿಲ್ಲ. ಸವಾರ್ ಮ್ಯಾನೇಜರ್ ಆಗಿ 1986 ಮತ್ತು 1993ರಲ್ಲಿ ಕೆನೇಡಿಯನ್ಸ್‌ಗೆ ಮತ್ತೆರಡು ಕಪ್ ತಂದರು. ಗೇನಿ ಕಟ್ಟಿದ ಡಲ್ಲಾಸ್ ಸ್ಟಾರ್ಸ್ 1999ರಲ್ಲಿ ಗೆದ್ದಿತು. ಜಾರ್ವಿಸ್ ಅಲ್ಲಿ ಸಹಾಯಕ ತರಬೇತುದಾರರು. 1995ರ ಫೈನಲ್‌ನಲ್ಲಿ ಲೆಮೇರ್ ತರಬೇತಿಯ, ರಾಬಿನ್ಸನ್ ಸಹಾಯಕರಾಗಿದ್ದ ನ್ಯೂಜರ್ಸಿ ಡೆವಿಲ್ಸ್ ನಾಲ್ಕು ನೇರ ಪಂದ್ಯಗಳಲ್ಲಿ ಸೋಲಿಸಿದ್ದು ಗುರು ಬೋಮನ್ ಅವರ ಡೆಟ್ರಾಯಿಟ್ ತಂಡವನ್ನೇ. 2000ದಲ್ಲಿ ಮಿನ್ನೆಸೋಟಾ ವೈಲ್ಡ್ ಎಂಬ ಹೊಚ್ಚಹೊಸ ತಂಡ ಲೀಗ್‌ಗೆ ಇಳಿದಾಗ ಅದರ ಜನರಲ್ ಮ್ಯಾನೇಜರ್ ರೈಸ್‌ಬ್ರೋ, ಮುಖ್ಯ ತರಬೇತುದಾರ ಲೆಮೇರ್, ಸಹಾಯಕ ಟ್ರಾಂಬ್ಲೆ. ದೊಡ್ಡ ತಾರೆಯರಿಲ್ಲದ, ರಕ್ಷಣೆಯ ಶಿಸ್ತನ್ನೇ ನಂಬಿದ್ದ ಆ ತಂಡ ಮೂರನೆಯ ಋತುವಿನಲ್ಲೇ, 2003ರಲ್ಲಿ, ಪಶ್ಚಿಮ ಕಾನ್ಫರೆನ್ಸ್‌ನ ಫೈನಲ್ ತಲುಪಿತು.